ಟ್ರೋಮ್ಸೊ ಪ್ರಯಾಣ: ಹೊರಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ನಾರ್ದರ್ನ್ ಲೈಟ್ಸ್ (ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು) ನೋಡಲು ನಾರ್ವೆಯ ಟ್ರೋಮ್ಸೊಗೆ ಫೆಬ್ರವರಿಯಲ್ಲಿ ಹೋಗೋಣ ಅಂತ ತೀರ್ಮಾನವಾಯಿತಲ್ಲ, ಕೆಲವು ಮಾತು ಈಗಲೇ ಹೇಳಿಬಿಡುತ್ತೇನೆ.

ಷೆಂಗೆನ್ ವೀಸಾಗೆ (ನಾರ್ವೆ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) 6 ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ಕೊನೆ ಗಳಿಗೆವರೆಗೆ ಕಾಯಬೇಡಿ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆಯೂ ಬೇಕು.

ತುಂಬಾ ಜನ ಕೆಪಿ ಸೂಚ್ಯಂಕ (ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಅಂತ 0ರಿಂದ 9ರವರೆಗೆ ಹೇಳುವ ಅಂಕಿ) ಎಷ್ಟಿದೆ ಅಂತ ಕೇಳುತ್ತಿದ್ದೀರಿ. ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಟ್ರೋಮ್ಸೊ ಇರುವುದು ಸುಮಾರು 69 ಡಿಗ್ರಿ ಉತ್ತರದಲ್ಲಿ, ಬೆಳಕು ಹೆಚ್ಚಾಗಿ ಮೂಡುವ ಪಟ್ಟಿಯ ಕೆಳಗೇ. ಕೆಪಿ 2 ಇದ್ದರೂ ಕಾಣಬಹುದು. ನಿಜವಾದ ಶತ್ರು ಮೋಡ. ಸಮುದ್ರದ ಪಕ್ಕದ ಊರು, ಮೋಡ ಕವಿಯುವುದು ಮಾಮೂಲು. ಅದಕ್ಕೇ ರಾತ್ರಿ ವ್ಯಾನು ಒಳನಾಡಿಗೆ, ಕೆಲವೊಮ್ಮೆ ಫಿನ್‌ಲ್ಯಾಂಡ್ ಗಡಿ ದಾಟಿಯೂ ಹೋಗುತ್ತದೆ. ಪಾಸ್‌ಪೋರ್ಟ್ ಜೇಬಿನಲ್ಲೇ ಇರಲಿ. ಒಂದೇ ರಾತ್ರಿ ಇಟ್ಟುಕೊಂಡರೆ ಅದು ಜೂಜು. ನಾವು 4 ರಾತ್ರಿ ಇಟ್ಟಿದ್ದೇವೆ, ಆದರೂ ಗ್ಯಾರಂಟಿ ಇಲ್ಲ!

ಇನ್ನೊಂದು ವಿಷಯ. ಬೆಳಕು ಮಂಕಾಗಿದ್ದಾಗ ಬರಿಗಣ್ಣಿಗೆ ಬಿಳಿ ಮೋಡದ ಹಾಗೆ ಕಾಣುತ್ತದೆ, ಫೋನಿನ ನೈಟ್ ಮೋಡ್‌ನಲ್ಲಿ ಹಸಿರು. ಆ ಹಸಿರು ನೂರು ಕಿಲೋಮೀಟರಿಗೂ ಮೇಲಿರುವ ಆಮ್ಲಜನಕದ್ದು. ಮೊದಲ ಸಲ ‘ಇಷ್ಟೇನಾ’ ಅನ್ನಿಸಿದರೆ ಸ್ವಲ್ಪ ಕಾಯಿರಿ.

ಮೈಗೆ ತಾಗುವ ಬಟ್ಟೆ ಉಣ್ಣೆಯದಿರಲಿ. ಹತ್ತಿ ಬೇಡ, ಬೆವರಿದರೆ ಒಣಗುವುದಿಲ್ಲ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಪವರ್ ಬ್ಯಾಂಕ್ ಕೋಟಿನ ಒಳಜೇಬಿನಲ್ಲಿಡಿ. ಚಟ್ನಿಪುಡಿ ನಾನು ತರುತ್ತೇನೆ. ಶೂ ಸೈಜ್ ಭಾನುವಾರದೊಳಗೆ ಇಲ್ಲೇ ಹಾಕಿ.