ಮುಖ್ಯ ಶಿಕ್ಷಕರಿಗೆ ನೋಟಿಸಿಗಿಂತ ಮೊದಲು ತರಬೇತಿ ಬೇಕು

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಬೆನ್ನಲ್ಲೇ ಹಿಂದುಳಿದ ಶಾಲೆಗಳ ಮುಖ್ಯ ಶಿಕ್ಷಕರಿಂದ ವಿವರಣೆ ಕೇಳುವುದು ನಮ್ಮಲ್ಲಿ ವಾಡಿಕೆಯಾಗಿದೆ. 2023ರಲ್ಲಿ ಶೇ 83.89ರಷ್ಟಿದ್ದ ಫಲಿತಾಂಶವು, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ಕಣ್ಗಾವಲು) ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿದ ನಂತರ ಈ ಒತ್ತಡ ಇನ್ನಷ್ಟು ಬಿಗಿಯಾಗಿದೆ. ಮೇಲಿನಿಂದ ಬಂದ ಒತ್ತಡವನ್ನು ಮುಖ್ಯ ಶಿಕ್ಷಕರು ಹಾಗೆಯೇ ಸಹಶಿಕ್ಷಕರ ಹಾಗೂ ಮಕ್ಕಳ ಮೇಲೆ ಇಳಿಸುತ್ತಾರೋ, ಇಲ್ಲವೇ ತಾವೇ ತಾಳಿಕೊಂಡು ಎಲ್ಲರನ್ನೂ ಕೆಲಸಕ್ಕೆ ಹಚ್ಚುತ್ತಾರೋ ಎಂಬುದರ ಮೇಲೆ ಶಾಲೆಯ ಇಡೀ ವರ್ಷ ನಿಂತಿರುತ್ತದೆ.

ಹೀಗೆ ತಾಳಿಕೊಳ್ಳಲು ಒಂದು ಶಕ್ತಿ ಬೇಕು. ತನ್ನ ಮತ್ತು ಇತರರ ಭಾವನೆಗಳನ್ನು ಗುರುತಿಸಿ, ಆ ಅರಿವಿನಿಂದ ವಿಚಾರವನ್ನೂ ನಡೆಯನ್ನೂ ರೂಪಿಸಿಕೊಳ್ಳುವ ಶಕ್ತಿಯನ್ನು ಮನೋವಿಜ್ಞಾನಿಗಳಾದ ಪೀಟರ್ ಸಲೋವೆ ಮತ್ತು ಜಾನ್ ಮೇಯರ್ 1990ರಲ್ಲಿ ಭಾವನಾತ್ಮಕ ಬುದ್ಧಿಮತ್ತೆ ಎಂದು ಕರೆದರು. ಇದರ ಅರ್ಥ ಶಾಲೆಯಲ್ಲಿ ತಿಳಿಯಬೇಕಾದರೆ ಹಾಜರಿ ಪುಸ್ತಕ ನೋಡಿದರೆ ಸಾಕು. ಪ್ರಾರ್ಥನೆ ಮುಗಿದ ಮೇಲೆ ಬಂದ ಶಿಕ್ಷಕಿಯ ಹೆಸರಿನ ಮುಂದೆ ಎಲ್ಲರೆದುರು ಕೆಂಪು ಶಾಯಿಯಲ್ಲಿ ಗೆರೆ ಎಳೆಯುವ ಮುಖ್ಯ ಶಿಕ್ಷಕರಿದ್ದಾರೆ. ಮೊದಲ ಅವಧಿ ಮುಗಿದ ಮೇಲೆ ಆಕೆಯನ್ನು ಕೊಠಡಿಗೆ ಕರೆದು, ಬಸ್ ತಪ್ಪಿತೋ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೋ ಎಂದು ವಿಚಾರಿಸಿ, ಆಮೇಲೆ ನಾಳೆಯಿಂದ ಹೀಗಾಗಬಾರದು ಎಂದು ಖಡಾಖಂಡಿತವಾಗಿ ಹೇಳುವವರೂ ಇದ್ದಾರೆ. ನಿಯಮ ಇಬ್ಬರಿಗೂ ಒಂದೇ. ಆದರೆ ಸಂಜೆ ವಿಶೇಷ ತರಗತಿಗೆ ಮನಸ್ಸಿಟ್ಟು ನಿಲ್ಲುವ ಶಿಕ್ಷಕರು ಎರಡನೆಯವರಿಗೇ ಸಿಗುತ್ತಾರೆ ಎಂಬುದನ್ನು ನನ್ನ ಸೇವಾವಧಿಯುದ್ದಕ್ಕೂ ಕಂಡಿದ್ದೇನೆ. ಇದನ್ನು ಮೆದುತನವೆಂದು ಭಾವಿಸುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಗದರುವುದಕ್ಕಿಂತ ಕಷ್ಟದ ಕೆಲಸ, ಏಕೆಂದರೆ ಅದಕ್ಕೆ ಮೊದಲು ತನ್ನ ಸಿಟ್ಟನ್ನು ಹತೋಟಿಗೆ ತಂದುಕೊಳ್ಳಬೇಕಾಗುತ್ತದೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಮುಖ್ಯ ಶಿಕ್ಷಕರ ಹುದ್ದೆ ಬಹುಮಟ್ಟಿಗೆ ಸೇವಾ ಜ್ಯೇಷ್ಠತೆಯಿಂದ ಬರುತ್ತದೆ. ಅನೇಕ ಕಡೆ ಪ್ರಭಾರದಲ್ಲೇ ವರ್ಷಗಳು ಕಳೆಯುತ್ತವೆ. ನಿನ್ನೆಯವರೆಗೆ ಗಣಿತ ಕಲಿಸುತ್ತಿದ್ದವರು ಇಂದು ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ಎಂಬ ಆನ್‌ಲೈನ್ ವಿದ್ಯಾರ್ಥಿ ದಾಖಲೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ, ಮಗು ಫೇಲಾದ ಸಂಕಟದಲ್ಲಿ ಬಂದ ಪೋಷಕರು, ಹೀಗೆ ಎಲ್ಲವನ್ನೂ ಒಟ್ಟಿಗೆ ಎದುರಿಸಬೇಕು. ಸಹಿ ಮಾಡುವುದನ್ನು ಗುಮಾಸ್ತರಾದರೂ ಹೇಳಿಕೊಡುತ್ತಾರೆ, ಆ ಪೋಷಕರೊಂದಿಗೆ ಮಾತನಾಡುವುದನ್ನು ಹೇಳಿಕೊಡುವವರಿಲ್ಲ.

ಈ ಕೊರತೆ ಯಾರಿಗೂ ಗೊತ್ತಿಲ್ಲದ್ದೇನಲ್ಲ. ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆಯಲ್ಲಿ 2012ರಲ್ಲೇ ಆರಂಭವಾದ ಶಾಲಾ ನಾಯಕತ್ವ ಕೇಂದ್ರವು ತನ್ನ ಪಠ್ಯಚೌಕಟ್ಟಿನಲ್ಲಿ ಸ್ವ-ವಿಕಾಸವನ್ನೂ ತಂಡ ಕಟ್ಟುವುದನ್ನೂ ಆಡಳಿತಕ್ಕೆ ಸಮನಾಗಿ ಇರಿಸಿದೆ. ಶಾಲಾ ನಾಯಕತ್ವಕ್ಕೆಂದೇ ಧಾರವಾಡದಲ್ಲಿ ರಾಜ್ಯಮಟ್ಟದ ಸಂಸ್ಥೆಯಿದೆ, ಜಿಲ್ಲೆಗಳಲ್ಲಿ ಶಿಕ್ಷಕರ ತರಬೇತಿ ಸಂಸ್ಥೆಗಳಾದ ಡಯಟ್‌ಗಳಿವೆ. ಆದರೂ ಹೆಚ್ಚಿನ ತರಬೇತಿಗಳು ಸ್ಲೈಡುಗಳನ್ನು ಓದಿ ಹಾಜರಿಗೆ ಸಹಿ ಹಾಕುವಲ್ಲಿಗೆ ಮುಗಿಯುತ್ತವೆ ಎಂಬುದು ವಿಷಾದದ ಸಂಗತಿ.

ಆದ್ದರಿಂದ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟೇ. ಪ್ರಭಾರವಾಗಲಿ ಕಾಯಂ ಆಗಲಿ, ಹೊಸದಾಗಿ ಅಧಿಕಾರ ವಹಿಸಿಕೊಳ್ಳುವವರು ಅದಕ್ಕೆ ಮೊದಲು ಕೆಲವು ದಿನ ಅನುಭವಿ ಮುಖ್ಯ ಶಿಕ್ಷಕರ ಜೊತೆಗಿದ್ದು ಕಲಿಯುವ ವ್ಯವಸ್ಥೆಯಾಗಲಿ; ಮೊದಲ ವರ್ಷ ಮನಬಿಚ್ಚಿ ಮಾತನಾಡಲು ತಾಲ್ಲೂಕಿನಲ್ಲೇ ಒಬ್ಬ ಹಿರಿಯ ಮಾರ್ಗದರ್ಶಕರು ಸಿಗಲಿ. ಫಲಿತಾಂಶ ಕುಸಿದಾಗ ನೋಟಿಸ್ ಕಳುಹಿಸುವ ಮುನ್ನ ಅಧಿಕಾರಿಗಳು ಆ ಶಾಲೆಗೆ ಹೋಗಿ ಶಿಕ್ಷಕರ ಕೊಠಡಿಯಲ್ಲಿ ಅರ್ಧ ದಿನ ಕುಳಿತು, ಎಲ್ಲರ ಮಾತನ್ನೂ ಕೇಳಿ ಬರಲಿ.

– ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಹಾವೇರಿ