ಓದುವ ಮೊದಲೇ ವಾಪಸ್ ಬರುವ ಲೇಖನಗಳು

ಮಾನ್ಯ ಸಂಪಾದಕರೇ,

ಮೈಸೂರಿನ ಸರಸ್ವತಿಪುರಂನಲ್ಲಿ 21 ವರ್ಷದಿಂದ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ನಾನು ಓದಿದ್ದು ಪಿಯುಸಿ. ಆದರೆ ಪಿಎಚ್‌.ಡಿ. ಮಾಡುವ ಮಕ್ಕಳ ಕಷ್ಟವನ್ನು ತುಂಬಾ ಹತ್ತಿರದಿಂದ ನೋಡಿದ್ದೇನೆ. ಬೇರೆ ಬೇರೆ ವಿಶ್ವವಿದ್ಯಾಲಯಗಳ ಹುಡುಗ ಹುಡುಗಿಯರು ಮಹಾಪ್ರಬಂಧ, ಸೆಮಿನಾರ್ ಪೇಪರ್, ಸಂಶೋಧನಾ ಲೇಖನ ಹಿಡಿದು ನನ್ನ ಹತ್ತಿರ ಬರುತ್ತಾರೆ. ಹೋದ ತಿಂಗಳು ನಡೆದ ಒಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಈ ಪತ್ರ.

ಗುಂಡ್ಲುಪೇಟೆ ಕಡೆಯ ಒಬ್ಬ ಹುಡುಗಿ ವೀರಗಲ್ಲುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಳೆ. 3 ವರ್ಷ ಊರೂರು ತಿರುಗಿದ್ದಾಳೆ. ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ ಬಿದ್ದಿದ್ದ ಕಲ್ಲುಗಳ ಅಳತೆ ತೆಗೆದು, ಫೋಟೊ ಹಿಡಿದು, ಊರಿನ ಹಿರಿಯರನ್ನು ಕೇಳಿ ಬರೆದ ಲೇಖನ ಅದು. ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದಳು. ನಾಲ್ಕನೇ ದಿನಕ್ಕೆ ವಾಪಸ್ ಬಂತು. ಫೈಲ್ ಓದಲು ಬರುತ್ತಿಲ್ಲ, ಉಲ್ಲೇಖಗಳು ನಮ್ಮ ಕ್ರಮದಲ್ಲಿಲ್ಲ ಎಂದು ಎರಡೇ ಸಾಲು. ಮೊಬೈಲಿನಲ್ಲಿ ಅದನ್ನು ತೋರಿಸುವಾಗ ಅವಳ ಕಣ್ಣು ತುಂಬಿತ್ತು. "ಲೇಖನ ಚೆನ್ನಾಗಿಲ್ಲ ಅಂದಿದ್ರೆ ತಿದ್ದಿಕೊಳ್ತಿದ್ದೆ ಆಂಟಿ. ಯಾರೂ ಓದೇ ಇಲ್ವಲ್ಲ" ಅಂದಳು.

ಫೈಲ್ ತೆರೆದೆ. ಅವಳ ಊರಿನ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಕೊಟ್ಟಿದ್ದರು. ಅವರನ್ನು ನಾನು ದೂರುವುದಿಲ್ಲ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದ್ದೇನೆ. ನಮ್ಮ ಪ್ರೆಸ್‌ಗಳಲ್ಲಿ ಪುಸ್ತಕದ ಪುಟ ಕಟ್ಟುತ್ತಿದ್ದದ್ದು ಪೇಜ್‌ಮೇಕರ್‌ನಲ್ಲಿ. ಅದರಲ್ಲಿ ಯೂನಿಕೋಡ್ ಕನ್ನಡ, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ, ಬರುವುದಿಲ್ಲ. ಪ್ರೆಸ್‌ನವರು ಕೇಳಿದ ಫಾಂಟಿನಲ್ಲಿ ನಾವು ಟೈಪ್ ಮಾಡಿದೆವು, ಅದೇ ರೂಢಿಯಾಯಿತು. ತೊಂದರೆ ಏನೆಂದರೆ ಆ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರಿನೊಳಗೆ ಇರುವುದು ಕನ್ನಡ ಅಕ್ಷರವೇ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆ ಮೇಲೆ ಗೀಟು, ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟಿ ನಿಲ್ಲುತ್ತವೆ. ಪತ್ರಿಕೆಯವರು ನೋಡಿದ್ದು ಅದನ್ನೇ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿದ್ದು 1991ರಲ್ಲಿ. ಇಷ್ಟು ವರ್ಷ ಕಳೆದರೂ ನಮ್ಮ ಎಷ್ಟೋ ಸಂಶೋಧನೆ ಹಳೆಯ ಫಾಂಟಿನೊಳಗೇ ಸಿಕ್ಕಿಕೊಂಡಿದೆ. ಅಂಥ ಫೈಲನ್ನು ನೆಟ್‌ನಲ್ಲಿ ಹಾಕಿದರೂ ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಗ್ರಂಥಋಣವನ್ನು (ನೋಡಿದ ಪುಸ್ತಕಗಳ ಪಟ್ಟಿಯನ್ನು) ಅಕಾರಾದಿಯಾಗಿ ಜೋಡಿಸು ಅಂದರೆ ಕಂಪ್ಯೂಟರ್ ತನಗೆ ಕಾಣುವ ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲಿ ಜೋಡಿಸುತ್ತದೆ. ಹೊಸಬರಿಗೆ ಒಂದು ಮಾತು ಹೇಳುತ್ತೇನೆ. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ ಕೈ ಪಳಗಿದ್ದರೆ ಯೂನಿಕೋಡ್‌ನಲ್ಲೂ ಅದೇ ಕೀಲಿಮಣೆ ಇದೆ. ಬೆರಳಿಗೆ ಹೊಸದಾಗಿ ಏನೂ ಕಲಿಸಬೇಕಿಲ್ಲ.

ಹಳೆಯ ಫೈಲನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶ ಇದೆಯಲ್ಲ ಅನ್ನಬಹುದು. ಇದೆ, ನಾನೂ ದಿನಾ ಬಳಸುತ್ತೇನೆ. ಆದರೆ ಲೇಖನದ ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಎಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಈ ಹುಡುಗಿಯ ಲೇಖನದಲ್ಲಿ ಶಾಸನದ ಸಾಲುಗಳಿದ್ದವು. ಬದಲಿಸಿದ ಮೇಲೆ ಹಳಗನ್ನಡದ ೞ ಮತ್ತು ಱ ಇದ್ದ ಕಡೆ ಬೇರೇನೋ ಬಂದಿತ್ತು. ಶಾಸನದಲ್ಲಿ ಒಂದು ಅಕ್ಷರ ಬದಲಾದರೆ ಪಾಠವೇ ಬದಲಾಗುತ್ತದೆ, ಅಲ್ವಾ? ಇಬ್ಬರೂ ಕೂತು ಅವಳ ನೋಟ್‌ಬುಕ್ ಇಟ್ಟುಕೊಂಡು ಸಾಲು ಸಾಲಾಗಿ ನೋಡಿದೆವು. ಎರಡು ಸಂಜೆ ಹಿಡಿಯಿತು.

ಆಮೇಲೆ ಉಲ್ಲೇಖಗಳ ಸರದಿ. ಇಲ್ಲಿ ನಾನೇ ಹೊಸದೊಂದು ಕಲಿತೆ. ನಮ್ಮ ಕಡೆಯ ಶಾಸನಗಳನ್ನು ಒಟ್ಟು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳನ್ನು ಮೊದಲು ತಂದವರು ಬಿ.ಎಲ್. ರೈಸ್. ಅವರ ಕಾಲದ 4ನೇ ಸಂಪುಟದಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳಿವೆ. ಅದು 1898ರಲ್ಲಿ ಬಂದದ್ದು. ಮುಂದೆ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ಹೊಸ ಸಂಪುಟಗಳನ್ನು ತಂದಿತು. ಅವುಗಳಲ್ಲಿ ಗುಂಡ್ಲುಪೇಟೆ ಇರುವುದು 3ನೇ ಸಂಪುಟದಲ್ಲಿ, 1974ರದ್ದು. ಹೊಸ 4ನೇ ಸಂಪುಟ ಚಾಮರಾಜನಗರ, ಯಳಂದೂರು, ಕೊಳ್ಳೇಗಾಲ ಮುಂತಾದ ತಾಲ್ಲೂಕುಗಳದ್ದು. ನಮ್ಮ ಹುಡುಗಿ ಗೈಡ್ ಮನೆಯಲ್ಲಿ ಹಳೆಯ ಸಂಪುಟ ನೋಡಿದ್ದಳು, ಲೈಬ್ರರಿಯಲ್ಲಿ ಹೊಸದು. ಹಾಗಾಗಿ ಒಂದು ಕಡೆ "ಎ.ಕ. 4, ಗುಂಡ್ಲುಪೇಟೆ", ಇನ್ನೊಂದು ಕಡೆ "ಎ.ಕ. 3, ಗುಂಡ್ಲುಪೇಟೆ" ಎಂದು ಬರೆದಿದ್ದಳು. ಎರಡೂ ನಿಜ. ಆದರೆ ಓದುವವರು ಹೊಸ 4ನೇ ಸಂಪುಟ ತೆಗೆದರೆ ಗುಂಡ್ಲುಪೇಟೆಯೇ ಸಿಗುವುದಿಲ್ಲ. ಈ ಹುಡುಗಿ ಸುಮ್ನೆ ಬರೆದಿದ್ದಾಳೆ ಅಂದುಕೊಳ್ಳುತ್ತಾರೆ. ಸಂಪುಟದ ಮುಂದೆ "ಪರಿಷ್ಕೃತ" ಎಂಬ ಒಂದು ಪದ, ಒಂದು ಇಸವಿ ಇದ್ದಿದ್ದರೆ ಸಾಕಿತ್ತು. ಲೇಖನ ಕ್ರಮ, ಅಂದರೆ ಉಲ್ಲೇಖ, ಹೆಸರು ಹೀಗೇ ಬರೆಯಬೇಕು ಎಂಬ ನಿಯಮ, ಇರುವುದು ಅಂದಕ್ಕೆ ಅಂತ ನಾನೂ ಮೊದಲು ತಿಳಿದಿದ್ದೆ. ಅಂದಕ್ಕೆ ಅಲ್ಲ. ಓದುವವರು ನಾವು ನೋಡಿದ ಕಲ್ಲಿನ ಹತ್ತಿರಕ್ಕೇ ಬಂದು ನಿಲ್ಲಬೇಕು, ಅದಕ್ಕೆ.

ಹೆಸರುಗಳದ್ದು ಇನ್ನೊಂದು ಕಷ್ಟ. ಹೊರಗಿನ ಎಷ್ಟೋ ಉಲ್ಲೇಖ ಶೈಲಿಗಳು ಕೊನೆಯ ಹೆಸರು ಮೊದಲು ಬರೆಯಿರಿ, ಲೇಖನದೊಳಗೆ ಕೊನೆಯ ಹೆಸರು ಮತ್ತು ಇಸವಿ ಮಾತ್ರ ಸಾಕು ಅನ್ನುತ್ತವೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ. ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ನಮ್ಮ ಹೆಸರು. ಬರೀ "ನರಸಿಂಹಾಚಾರ್" ಎಂದು ಬರೆದರೆ ಆರ್. ನರಸಿಂಹಾಚಾರ್ ಅವರೋ ಡಿ.ಎಲ್. ನರಸಿಂಹಾಚಾರ್ ಅವರೋ ಹೇಗೆ ಗೊತ್ತಾಗಬೇಕು? ಎಂ. ಗೋವಿಂದ ಪೈ ಅವರನ್ನು ಪಟ್ಟಿಯಲ್ಲಿ ಗ ಅಕ್ಷರದ ಕೆಳಗೆ ಹುಡುಕಬೇಕೋ ಪ ಅಕ್ಷರದ ಕೆಳಗೋ? ಒಂದೇ ಲೇಖನದಲ್ಲಿ ಎರಡೂ ಥರ ನೋಡಿದ್ದೇನೆ. ಲೇಖನ ಕಳಿಸುವ ಎಷ್ಟೋ ಜಾಲತಾಣಗಳಲ್ಲಿ ಕೊನೆಯ ಹೆಸರಿನ ಜಾಗ ಖಾಲಿ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲ. ಮಕ್ಕಳು ಗಾಬರಿಯಲ್ಲಿ ಅಲ್ಲೊಂದು ಇನಿಷಿಯಲ್ ಹಾಕಿಬಿಡುತ್ತಾರೆ. ಮುಂದಿನ ಲೇಖನಕ್ಕೆ ಅಪ್ಪನ ಹೆಸರು ಹಾಕುತ್ತಾರೆ. ಒಬ್ಬಳೇ ಹುಡುಗಿ ಇಬ್ಬರಾಗಿಬಿಡುತ್ತಾಳೆ. ಅದಕ್ಕೇ ನಾನು ಬಂದವರಿಗೆಲ್ಲ ಮೊದಲು ಆರ್ಕಿಡ್ (ORCID) ಎಂಬ, ಸಂಶೋಧಕರ ಗುರುತಿನ ಸಂಖ್ಯೆ ಮಾಡಿಸಿಕೊಳ್ಳಿ ಅನ್ನುತ್ತೇನೆ. 16 ಅಂಕಿಯದು, ದುಡ್ಡು ಕೊಡಬೇಕಿಲ್ಲ. ಹೆಸರು ಹೇಗೆ ಬರೆದರೂ ಲೇಖನ ನಿಮ್ಮದೇ ಎಂದು ಗೊತ್ತಾಗುತ್ತದೆ.

ಕೆಲವು ಸಣ್ಣ ಸಂಗತಿಗಳನ್ನೂ ಹೇಳಿಬಿಡುತ್ತೇನೆ. ಅಡಿಟಿಪ್ಪಣಿಯ ಸಂಖ್ಯೆ ಕೈಯಲ್ಲಿ ಹಾಕಬೇಡಿ, ವರ್ಡ್‌ನಲ್ಲಿ ಅದಕ್ಕೇ ಒಂದು ಬಟನ್ ಇದೆ. ಒಬ್ಬ ಹುಡುಗ 74 ಟಿಪ್ಪಣಿ ಕೈಯಲ್ಲೇ ಹಾಕಿದ್ದ. ನಡುವೆ ಒಂದು ಸೇರಿಸಿದಾಗ ಇಡೀ ರಾತ್ರಿ ತಿದ್ದಿದೆವು. ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ, ಕಲ್ಲಿನ ಅಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಬರೆದವರ ಹೆಸರು ಮುಚ್ಚಿಟ್ಟು ಪರಿಶೀಲನೆ ಮಾಡುವ ಪತ್ರಿಕೆಯಾದರೆ ಮೊದಲ ಪುಟದಿಂದ ಹೆಸರು ತೆಗೆದರೆ ಸಾಲದು. ಫೈಲಿನ ಮಾಹಿತಿಯೊಳಗೂ ಹೆಸರು ಕೂತಿರುತ್ತದೆ, ಕೆಲವೊಮ್ಮೆ ನನ್ನ ಅಂಗಡಿಯದ್ದೂ. ಅದನ್ನೂ ಅಳಿಸಬೇಕು.

ಉದ್ಧರಣೆಯ ವಿಷಯ ಮಾತ್ರ ಸಣ್ಣದಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಂತೆ ಬೇರೆ ಬರಹಗಳ ಜೊತೆ ಹೋಲಿಕೆ 10 ಪರ್ಸೆಂಟ್ ದಾಟಿದರೆ ತೊಂದರೆ ಶುರು. ಮೂಲ ಹೇಳಿ ಸರಿಯಾಗಿ ಉದ್ಧರಿಸಿದ ಸಾಲು, ಗ್ರಂಥಋಣ ಆ ಲೆಕ್ಕಕ್ಕೆ ಬರಬಾರದು. ಆದರೆ ಎಷ್ಟೋ ಮಕ್ಕಳು ವಚನವನ್ನೋ ಶಾಸನದ ಸಾಲನ್ನೋ ಉದ್ಧರಣ ಚಿಹ್ನೆ ಇಲ್ಲದೆ, ಒಳಸರಿಸದೆ, ತಮ್ಮ ಮಾತಿನ ಜೊತೆಗೇ ಓಡಿಸಿಬಿಡುತ್ತಾರೆ. ಕದಿಯುವ ಮನಸ್ಸು ಅವರಿಗಿಲ್ಲ. ಯಾರೂ ಹೇಳಿಕೊಟ್ಟಿಲ್ಲ ಅಷ್ಟೆ.

ಇದನ್ನು ಹೇಳಿಕೊಡಬೇಕಾದವರು ನಾನಲ್ಲ. ಪಿಎಚ್‌.ಡಿ. ಕೋರ್ಸ್‌ವರ್ಕ್‌ನಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಎಂಬ ವಿಷಯವನ್ನು ಯುಜಿಸಿ 2019ರಲ್ಲಿ ಕಡ್ಡಾಯ ಮಾಡಿತು. 30 ಗಂಟೆಯ ಪಾಠ ಅದು. ಅದರಲ್ಲಿ 6 ಗಂಟೆಯಾದರೂ ಕಂಪ್ಯೂಟರ್ ಮುಂದೆ ಕೂರಿಸಿ, ಒಂದು ಕನ್ನಡ ಲೇಖನವನ್ನು ಮೊದಲಿಂದ ಕೊನೆಯವರೆಗೆ ಸಿದ್ಧ ಮಾಡಿಸಿ ಎಂದು ಕನ್ನಡ ವಿಭಾಗಗಳ ಅಧ್ಯಾಪಕರನ್ನು ಕೇಳಿಕೊಳ್ಳುತ್ತೇನೆ. ಸಂಶೋಧನಾ ಪತ್ರಿಕೆಗಳ ಸಂಪಾದಕರಲ್ಲೂ ಒಂದು ಬೇಡಿಕೆ ಇದೆ. ನೀವೆಲ್ಲ ಸೇರಿ ಕನ್ನಡಕ್ಕೆ ಒಂದೇ ಲೇಖನ ಕ್ರಮ ಮಾಡಿ. ಶಾಸನವನ್ನು ಹೇಗೆ ಹೆಸರಿಸಬೇಕು, ಹಸ್ತಪ್ರತಿಯನ್ನು ಹೇಗೆ, ಕಾವ್ಯನಾಮವಿದ್ದರೆ ಹೇಗೆ, ಹೊಲದಲ್ಲಿ ಕೂತು ಕಥೆ ಹೇಳಿದ ಅಜ್ಜಿಯ ಹೆಸರು ಎಲ್ಲಿ ಬರಬೇಕು. ಇವಕ್ಕೆ ಉತ್ತರ ಹೊರಗಿನ ಶೈಲಿ ಪುಸ್ತಕಗಳಲ್ಲಿ ಹುಡುಕಿದರೆ ನಮಗೆ ಹೊಂದುವ ಹಾಗೆ ಸಿಗುವುದು ಕಷ್ಟ. ನಾಲ್ಕು ಪುಟ ಸಾಕು. ಕೊನೆಗೆ ಒಂದು ಮಾದರಿ ಲೇಖನ ಇರಲಿ. ಮತ್ತೆ, ಲೇಖನ ವಾಪಸ್ ಕಳಿಸುವಾಗ ಯಾವ ಫಾಂಟ್, ಯಾವ ಉಲ್ಲೇಖ ಎಂದು ಎರಡು ಸಾಲು ಜಾಸ್ತಿ ಬರೆಯಿರಿ. ಆ ಎರಡು ಸಾಲು ಇಲ್ಲದೆ ಸಂಶೋಧನೆಯನ್ನೇ ಬಿಟ್ಟು ಹೋದವರನ್ನು ನಾನು ಬಲ್ಲೆ.

ಇದು ಈಗಲೇ ಆಗಬೇಕು ಎನ್ನಲು ಕಾರಣವಿದೆ. ಒಳ್ಳೆಯ ಸಂಶೋಧನಾ ಪತ್ರಿಕೆಗಳನ್ನು ಹೆಸರಿಸುತ್ತಿದ್ದ ಕೇರ್ ಪಟ್ಟಿಯನ್ನು ಯುಜಿಸಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಯಾವ ಪತ್ರಿಕೆ ಒಳ್ಳೆಯದು ಎಂದು ಮಕ್ಕಳು ಈಗ ನನ್ನನ್ನೇ ಕೇಳುತ್ತಾರೆ. ದುಡ್ಡು ಕಟ್ಟಿ, ಮೂರೇ ದಿನದಲ್ಲಿ ಪ್ರಕಟಿಸುತ್ತೇವೆ ಎಂಬ ಮೆಸೇಜುಗಳು ಅವರ ಫೋನಿಗೆ ಬರುತ್ತಲೇ ಇರುತ್ತವೆ. ಅಂಥವರು ಫಾಂಟ್ ಕೇಳುವುದಿಲ್ಲ, ಉಲ್ಲೇಖ ಕೇಳುವುದಿಲ್ಲ. ಒಳ್ಳೆಯ ಪತ್ರಿಕೆಯಿಂದ ಕಾರಣ ತಿಳಿಯದೆ ವಾಪಸ್ ಬಂದ ಲೇಖನ ಕೊನೆಗೆ ಅಲ್ಲಿಗೇ ಹೋಗುತ್ತದೆ.

ಗುಂಡ್ಲುಪೇಟೆಯ ಹುಡುಗಿಯ ಲೇಖನವನ್ನು ಹೋದ ಸೋಮವಾರ ಅದೇ ಪತ್ರಿಕೆಗೆ ಮತ್ತೆ ಕಳಿಸಿದ್ದೇವೆ. ಅವಳ ಜೊತೆ ಕೂತು ಮಾಡುವಾಗ ಮಾಡಿಕೊಂಡ ಪಟ್ಟಿಯನ್ನು ಎರಡು ಹಾಳೆಯಲ್ಲಿ ಟೈಪ್ ಮಾಡಿ ಅಂಗಡಿಯ ಮೇಜಿನ ಮೇಲೆ ಇಟ್ಟಿದ್ದೇನೆ, ಯೂನಿಕೋಡ್‌ನಲ್ಲಿ. ಯಾರು ಬೇಕಾದರೂ ಬಂದು ತೆಗೆದುಕೊಂಡು ಹೋಗಬಹುದು. ಜೆರಾಕ್ಸ್ ದುಡ್ಡು ಕೊಡಬೇಕಿಲ್ಲ. ಅದರಲ್ಲಿ ತಪ್ಪಿದ್ದರೆ ತಿಳಿದವರು ತಿದ್ದಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಡಿಟಿಪಿ ಕೆಲಸಗಾರ್ತಿ
ಸರಸ್ವತಿಪುರಂ, ಮೈಸೂರು