ಹಳೆ ಹಂಚು ತೋಡಿಗೆ ಬೇಡ, ತೋಟಕ್ಕೆ ಬರಲಿ

ಸಂಪಾದಕರೇ,

ಮಂಗಳೂರಿನಲ್ಲಿ ಹಂಚಿನ ಮನೆ ಕೆಡವುವ ಕೆಲಸ ಒಂದಲ್ಲ ಒಂದು ಓಣಿಯಲ್ಲಿ ನಡೆಯುತ್ತಲೇ ಇರುತ್ತದೆ. ಪಕ್ಕಾಸು, ಬಾಗಿಲು, ಕಿಟಕಿಗೆ ಗಿರಾಕಿ ಸಿಗುತ್ತಾರೆ. ಸರಿ ಇರುವ ಹಂಚೂ ಮಾರಿ ಹೋಗುತ್ತದೆ. ಆದರೆ ಮೂಲೆ ಒಡೆದ ಹಂಚು, ಅರ್ಧ ತುಂಡಾದ ಕೆಂಪುಕಲ್ಲು ಯಾರಿಗೂ ಬೇಡ. ಅದೆಲ್ಲ ಟಿಪ್ಪರಿನಲ್ಲಿ ಹೋಗಿ ಯಾವುದೋ ತೋಡಿನ (ಮಳೆನೀರು ಹರಿಯುವ ಸಣ್ಣ ಹಳ್ಳದ) ಬದಿಗೋ, ತಗ್ಗು ಗದ್ದೆಗೋ ಬೀಳುತ್ತದೆ. ತೋಡು ಕಟ್ಟಿಕೊಂಡು ಜೂನ್ ಜುಲೈಯಲ್ಲಿ ನೀರು ಅಂಗಳಕ್ಕೆ ನುಗ್ಗಿದರೆ ಕಷ್ಟ ಆಗುವುದು ಅಲ್ಲೇ ಕೆಳಗೆ ಇರುವವರಿಗೆ.

ಇತ್ತ ನಾವು ಹೂವಿನ ಪಾತಿಗೆ ಅಂಚು ಕಟ್ಟಲು ಪ್ಲಾಸ್ಟಿಕ್ ಪಟ್ಟಿಯನ್ನು ದುಡ್ಡು ಕೊಟ್ಟು ತರುತ್ತೇವೆ. ನಮ್ಮ ಬಿಸಿಲಿಗೆ ಅದು ಪೆಡಸಾಗಿ ಮುರಿಯುತ್ತದೆ, ಚೂರುಗಳು ಮಣ್ಣಿನಲ್ಲೇ ಉಳಿಯುತ್ತವೆ. ಒಡೆದ ಹಂಚು ಅದಕ್ಕಿಂತ ಚೆನ್ನಾಗಿ ಆಗುತ್ತದೆ. ದಯವಿಟ್ಟು ಅದನ್ನೇ ಬಳಸಿ ಅಂತ ಹೇಳಲು ಈ ಪತ್ರ.

ನೇತ್ರಾವತಿ, ಗುರುಪುರ ಹೊಳೆಗಳ ಬದಿಯ ಜೇಡಿಮಣ್ಣು ಸುಟ್ಟು ಮಾಡಿದ ಹಂಚು ಇದು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಊರಿನ ಹೆಸರೇ ಹಂಚಿಗೆ ಬಂತು. ಒಮ್ಮೆ ಸುಟ್ಟ ಮಣ್ಣು ಮತ್ತೆ ಕರಗಿ ಮಣ್ಣಾಗುವುದಿಲ್ಲ. ತೋಡಿಗೆ ಎಸೆದರೆ ವರ್ಷಗಟ್ಟಲೆ ಅಲ್ಲೇ ಬಿದ್ದಿರುತ್ತದೆ. ತೋಟದಲ್ಲಿ ನಮಗೆ ಬೇಕಾದದ್ದೂ ಅದೇ ಗುಣ ಅಲ್ವಾ? ಎಂಥ ಮಳೆ ಹೊಡೆದರೂ ಕರಗುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ, ಬಣ್ಣ ಬಳಿಯುವ ಕೆಲಸವೂ ಇಲ್ಲ.

ಪತ್ತನಾಜೆ ಹೊತ್ತಿಗೆ, ಅಂದರೆ ಮೇ ಕೊನೆಯ ವಾರಕ್ಕೆ, ಒಂದೆರಡು ಮಳೆ ಬಿದ್ದು ಮಣ್ಣು ಮೆತ್ತಗಾಗಿರುತ್ತದೆ, ಆಗ ಮಾಡುವುದು ಸುಲಭ. ಪಾತಿಯ ಸುತ್ತ ಸುಮಾರು ಒಂದು ಗೇಣು ಆಳಕ್ಕೆ ಅಗೆದು ಹಂಚನ್ನು ನಿಲ್ಲಿಸಬೇಕು. ಒಡೆದ ಬದಿ ಕೆಳಗೆ ಹೋಗಲಿ, ಹಾಗಾದರೆ ಚೂಪು ಅಂಚು ಮಕ್ಕಳ ಕಾಲಿಗೆ ತಾಗುವುದಿಲ್ಲ. ಹಂಚು ಪಾತಿಯ ಕಡೆಗೆ ತುಸು ವಾಲಿರಲಿ, ಯಾಕೆಂದರೆ ನೆನೆದ ಮಣ್ಣಿನ ಭಾರ ಅದನ್ನು ಹೊರಗೆ ದೂಡುತ್ತದೆ. ಎರಡೂ ಬದಿ ಮಣ್ಣು ತುಂಬಿಸಿ ಕಾಲಲ್ಲಿ ಮೆಟ್ಟಿದರೆ ಸಾಕು, ಸಿಮೆಂಟ್ ಬೇಡವೇ ಬೇಡ. ಮುಖ್ಯ ವಿಷಯ ನೀರು. ಸುತ್ತಲೂ ಬಿಗಿಯಾಗಿ ಕಟ್ಟಿದರೆ ನಮ್ಮ ಮಳೆಗೆ ಪಾತಿ ಕೆರೆಯಾಗಿ ಗಿಡದ ಬೇರು ಕೊಳೆಯುತ್ತದೆ. ಇಳಿಜಾರಿನ ಬದಿಯಲ್ಲಿ ಅಲ್ಲಲ್ಲಿ ಬೆರಳಗಲ ಸಂದು ಬಿಟ್ಟು ಒಳಗಡೆ ತೆಂಗಿನ ನಾರು ತುರುಕಿ. ನೀರು ಹೋಗುತ್ತದೆ, ಮಣ್ಣು ನಿಲ್ಲುತ್ತದೆ.

ನಮ್ಮ ಓಣಿಯ ಅಜ್ಜಿಯೊಬ್ಬರು ಅಬ್ಬಲಿಗೆ ಪಾತಿಗೆ ಹೀಗೆ ಮಾಡಿದ್ದಾರೆ. ಕಾರ್ಖಾನೆಯ ಹೆಸರು ಒತ್ತಿದ ಬದಿಯನ್ನು ಹೊರಗೆ ಕಾಣುವ ಹಾಗೆ ನಿಲ್ಲಿಸಿದ್ದಾರೆ. ಮಳೆಗಾಲ ಕಳೆದಾಗ ಅಕ್ಷರಗಳ ಸುತ್ತ ಹಸಿರು ಪಾಚಿ ಕೂತು, ಉಬ್ಬಿದ ಅಕ್ಷರ ಮಾತ್ರ ಕೆಂಪಗೆ ಎದ್ದು ಕಾಣುತ್ತದೆ. ಮಾಡಿನ ಮೇಲಿದ್ದಾಗ ಒಳಗಿನಿಂದ ಕತ್ತೆತ್ತಿ ನೋಡಿದರೆ ಮಾತ್ರ ಕಾಣುತ್ತಿದ್ದ ಹೆಸರು ಅದು. ಅಂಗಡಿಯಲ್ಲಿ ಇಷ್ಟು ಚಂದದ್ದು ಸಿಗುವುದಿಲ್ಲ.

ಕೆಂಪುಕಲ್ಲಿನ ತುಂಡೂ ಒಳ್ಳೆಯದೇ. ಅಂಟಿಕೊಂಡ ಗಾರೆ ಮಾತ್ರ ಕೆತ್ತಿ ತೆಗೆಯಿರಿ.

ಕೆಲವರು ಬಾಟಲಿಗಳನ್ನು ತಲೆಕೆಳಗಾಗಿ ಹೂಳುತ್ತಾರೆ. ನೋಡಲು ಚಂದವೇ, ಆದರೆ ಬುಡದ ಗುಳಿಯಲ್ಲಿ ಮಳೆನೀರು ನಿಲ್ಲುತ್ತದೆ. ಹಳೆ ಟಯರ್ ಇನ್ನೂ ಕೆಟ್ಟದ್ದು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ, ಮತ್ತೆ ನಮ್ಮ ಊರಿಗೆ ಮಲೇರಿಯಾ, ಡೆಂಗಿ ಹೊಸದಲ್ಲ. ಹಳೆ ಆಸ್ಬೆಸ್ಟಾಸ್ ಶೀಟು ಕತ್ತರಿಸಿ ಅಂಚು ಕಟ್ಟುವುದಂತೂ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಬಸಳೆ, ಹರಿವೆ ಬೆಳೆಯುವಲ್ಲಿ ಹಳೆ ಬಣ್ಣ ಬಳಿದ ಮರವನ್ನೂ ಇಡಬೇಡಿ. ಆ ಬಣ್ಣದಲ್ಲಿ ಸೀಸ ಇರಬಹುದು.

ಕಟ್ಟಡದ ಅವಶೇಷವನ್ನು ಬೇರೆಯಾಗಿ ಇಡಬೇಕು, ಚರಂಡಿಗೆ ಅಡ್ಡ ಹಾಕಬಾರದು ಅಂತ 2016ರಲ್ಲೇ ಕೇಂದ್ರದ ನಿಯಮ ಬಂದಿತ್ತು. ಮಂಗಳೂರು ಪಾಲಿಕೆ, ಉಡುಪಿ ನಗರಸಭೆ ವಾರ್ಡಿಗೊಂದು ಜಾಗ ಗುರುತಿಸಿ, ಒಡೆದ ಹಂಚು ಕಲ್ಲು ಅಲ್ಲಿ ರಾಶಿ ಹಾಕಿಸಲಿ. ಬೇಕಾದವರು ಒಯ್ಯಲಿ. ಕದ್ರಿ ಪಾರ್ಕಿನ ಒಂದೆರಡು ಪಾತಿಗೆ ಇದೇ ಅಂಚು ಕಟ್ಟಿಸಿದರೆ ಜನರಿಗೆ ಕಣ್ಣಾರೆ ನೋಡಿದ ಹಾಗೂ ಆಗುತ್ತದೆ. ಮನೆ ಕೆಡವಿಸುವ ಗುತ್ತಿಗೆದಾರರಲ್ಲಿ ಒಂದೇ ವಿನಂತಿ: ಟಿಪ್ಪರ್ ತುಂಬುವ ಮೊದಲು ಒಡೆದ ಹಂಚನ್ನು ಗೇಟಿನ ಬದಿ ಎರಡು ದಿನ ಇಟ್ಟು, ಬೇಕಾದವರು ತೆಗೆದುಕೊಂಡು ಹೋಗಬಹುದು ಅಂತ ಒಂದು ಬೋರ್ಡ್ ಹಾಕಿ.

ಇಂತಿ,
ನಿಮ್ಮ ಓದುಗರು, ಮಂಗಳೂರು